ಬೆಟ್ಟಕ್ಕೆ ನಾನು ಕೊಂಡು ತಂದ ಏರು

ನಾನು ಯಾರ ಮೇಲೂ ಹೊಟ್ಟೆಕಿಚ್ಚು ಪಡುವ ಹೆಂಗಸಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಅಸೂಯೆ ಪಾಪವೆಂದು ಸಿಸ್ಟರುಗಳು ಹತ್ತು ವರ್ಷ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಓರಗಿತ್ತಿ ವಿಮಲ ಮನೆಗೆ ಟ್ರೆಡ್‌ಮಿಲ್ ತರಿಸಿದಾಗ ನಾನು ಅಸೂಯೆ ಪಡಲಿಲ್ಲ. ಗಮನಿಸಿದೆ, ಅಷ್ಟೆ.

ಗಮನಿಸುವುದು ಕಷ್ಟವೂ ಅಲ್ಲ. ಕೋತಗಿರಿ ಪಕ್ಕದ ನಮ್ಮ ಹಟ್ಟಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತಿವೆ. ನಮ್ಮದು ಹಳೆಯ ಮನೆ. ಮೈದುನ ತನ್ನ ಪಾಲಿನದನ್ನು ಕೆಡವಿ ಹೊಸದಾಗಿ ಕಟ್ಟಿಸಿಕೊಂಡಿದ್ದಾನೆ. ಬೆಳಿಗ್ಗೆ ಆರಕ್ಕೆ ಗೋಡೆಯಾಚೆ ‘ಗುಂಯ್’ ಎಂದು ಶುರುವಾದ ಸದ್ದು ಆರೂ ನಲವತ್ತಕ್ಕೆ ನಿಲ್ಲುತ್ತಿತ್ತು. ನಾನೇನೂ ಗಡಿಯಾರ ನೋಡುತ್ತಿರಲಿಲ್ಲ. ಅಷ್ಟರಲ್ಲಿ ನನ್ನದು ಎರಡು ಒಬ್ಬೆ ಇಡ್ಲಿ ಬೆಂದಿರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ವಿಮಲ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ರವಿಕೆಯ ತೋಳಿನೊಳಗೆ ಎರಡು ಬೆರಳು ತೂರುವಷ್ಟು ಜಾಗ! ನಾನು ನೋಡಿದ್ದು ಸರಿ, ನಮ್ಮವರೂ ನೋಡಿದರು.

“ವಿಮಲ ಚೆನ್ನಾಗಿ ಇಳಿದಿದ್ದಾಳೆ ಅಲ್ವಾ?” ಎಂದರು, ಟೀ ಹೀರುತ್ತ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವರು ನನ್ನನ್ನು ಹೊಗಳಿದ್ದು ಒಂದೇ ಸಲ, ಅದೂ ಸಾರಿನ ಉಪ್ಪಿಗಾಗಿ. ಈ ‘ಚೆನ್ನಾಗಿ ಇಳಿದಿದ್ದಾಳೆ’ ಎಂಬ ಮಾತನ್ನು ನನ್ನ ಬಗ್ಗೆಯೂ ಅವರ ಬಾಯಿಂದಲೇ ಕೇಳದೆ ಬಿಡುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ.

“ನಮಗೂ ಒಂದು ಟ್ರೆಡ್‌ಮಿಲ್ ಬೇಕು.”

“ಯಾಕೆ? ದಿನಾ ಟೀ ತೋಟಕ್ಕೆ ಇಳಿದು ಹತ್ತಿದ್ರೆ ಸಾಲದಾ?”

“ತೋಟದಲ್ಲಿ ಕಾಡೆಮ್ಮೆ ಇದೆ.”

“ಎಲೆ ಕೀಳೋರಿಗೆ ಇಲ್ಲದ ಕಾಡೆಮ್ಮೆ ನಿನಗೊಬ್ಬಳಿಗೇ ಬರುತ್ತಾ?”

ನಾನು ಉತ್ತರಿಸಲಿಲ್ಲ. ಮೂರು ದಿನ ಉತ್ತರಿಸಲಿಲ್ಲ. ನಾಲ್ಕನೆಯ ದಿನ ಊಟಿಗೆ ಹೊರಟೆವು!

ಹೋಗುವ ಮುನ್ನ ಸಕಲ ಸಿದ್ಧತೆ ಮಾಡಿಕೊಂಡಿದ್ದೆ. ಹೊಲಿಗೆಯ ಟೇಪು ಹಿಡಿದು ನಡುಮನೆಯ ಉದ್ದ, ಅಗಲ, ಬಾಗಿಲು ಎಲ್ಲವನ್ನೂ ಅಳೆದು ಚೀಟಿಯಲ್ಲಿ ಬರೆದಿದ್ದೆ. ವಿಮಲ ಕಾಫಿ ತರಲು ಒಳಗೆ ಹೋದಾಗ ಅವಳ ಯಂತ್ರದ ಫೋಟೋ ಕೂಡ ತೆಗೆದಿಟ್ಟುಕೊಂಡಿದ್ದೆ.

ಅಂಗಡಿಯವನು ಮೋಟಾರು, ಬೆಲ್ಟಿನ ಅಗಲ ಎಂದೆಲ್ಲ ವಿವರಿಸತೊಡಗಿದ. ನಾನು ಫೋನು ಅವನ ಮುಂದೆ ಹಿಡಿದೆ. “ಇದರಲ್ಲಿ ಇಲ್ಲದ್ದು ಯಾವುದರಲ್ಲಿ ಇದೆ?”

ಅವನು ಜಾಣ. ಒಂದೇ ನೋಟಕ್ಕೆ ನಮ್ಮ ಕುಟುಂಬದ ಕಥೆಯೆಲ್ಲ ತಿಳಿದುಕೊಂಡ. “ಅಕ್ಕಾ, ಅದು ಬರೀ ಸಪಾಟು ಮಾಡೆಲ್. ಇದರಲ್ಲಿ ಮೇಡು ಇದೆ. ಬಟನ್ ಒತ್ತಿದ್ರೆ ಮುಂದೆ ಎತ್ತುತ್ತೆ, ಮಲೆ ಹತ್ತಿದ ಹಾಗೇ ಇರುತ್ತೆ!”

ನಮ್ಮವರು ನನ್ನನ್ನು ಪಕ್ಕಕ್ಕೆ ಕರೆದರು. “ನಾವಿರೋದೇ ಮಲೇಲಿ. ಬಾಗಿಲು ತೆಗೆದ್ರೆ ಮೇಡು. ಇಲ್ಲಿಂದ ಬೇರೆ ಮೇಡು ಕೊಂಡ್ಕೊಂಡು ಹೋಗೋದಾ?”

“ವಿಮಲನ ಹತ್ರ ಇಲ್ಲ,” ಎಂದೆ.

ವ್ಯಾಪಾರ ಮುಗಿಯಿತು.

ವಾಹನ ಮೇಲಿನ ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಟೀ ಗಿಡಗಳ ನಡುವಿನ ಕಾಲುದಾರಿ. ನಮ್ಮವರೂ ಮೈದುನನೂ ಹೊತ್ತರು. ನಾನು ಸ್ಕ್ರೂಗಳ ಪೊಟ್ಟಣ ಹಿಡಿದು ಮುಂದೆ ನಡೆಯುತ್ತ ಮಾರ್ಗದರ್ಶನ ಮಾಡಿದೆ. ಎಲೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.

“ಅದೇನಕ್ಕಾ, ಮಂಚನಾ?”

“ಅಲ್ಲ, ನಡೆಯೋ ಮಿಷಿನು.”

“ನಡೆಯೋ ಮಿಷಿನ್ನ ಯಾಕಕ್ಕಾ ಹೊತ್ಕೊಂಡು ಬರ್ತಿದೀರಿ?”

ಮೈದುನ ನಕ್ಕ ರಭಸಕ್ಕೆ ಯಂತ್ರ ಗಿಡಗಳ ಮೇಲೆ ಮಲಗಿತು. ಎತ್ತಿ ನಿಲ್ಲಿಸಲು ಅರ್ಧ ಗಂಟೆ!

ಅಂತೂ ನಡುಮನೆಯಲ್ಲಿ ಯಂತ್ರ ಕೂತಿತು. ನನ್ನ ಚೀಟಿಯ ಲೆಕ್ಕದಂತೆ ಬೆರಳಷ್ಟೂ ಹೆಚ್ಚುಕಡಿಮೆಯಿಲ್ಲ. ನಾನು ಹೆಮ್ಮೆಯಿಂದ ಹತ್ತಿ ಬಟನ್ ಒತ್ತಿದೆ. ಮುಂಭಾಗ ಮೆಲ್ಲಗೆ ಮೇಲೆದ್ದಿತು. ನಾನೂ ಮೇಲೆದ್ದೆ.

ಠಪ್!

ಉದ್ದ ಅಳೆದಿದ್ದೆ, ಅಗಲ ಅಳೆದಿದ್ದೆ. ಎತ್ತರ ಅಳೆದಿರಲಿಲ್ಲ! ಹಳೆಯ ಮನೆಯ ಅಟ್ಟದ ಹಲಗೆ ನನ್ನ ತಲೆಯನ್ನು ಸ್ವಾಗತಿಸಿತ್ತು. ಸಪಾಟಾಗಿ ಇಳಿಸಿದರೂ ತುರುಬು ತಗಲುತ್ತಿತ್ತು.

ಒಲೆಯ ಪಕ್ಕ ಕುಳಿತಿದ್ದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ನಾವು ಅವರನ್ನು ಮಾಮಿ ಎನ್ನುತ್ತೇವೆ. “ಬಗ್ಗಿ ನಡಿಯಮ್ಮ. ಈ ಮನೇಲಿ ನಾವೆಲ್ಲ ಹಾಗೇ ನಡೆದದ್ದು,” ಎಂದರು.

ನಾಲ್ಕು ದಿನ ಬಗ್ಗಿ ನಡೆದೆ. ಐದನೆಯ ದಿನ ಕತ್ತು ಹಿಡಿದುಕೊಂಡಿತು. ಆವತ್ತೇ ವಿಮಲ ಬರಬೇಕೇ!

“ಅಯ್ಯೋ ಅಕ್ಕಾ, ಇದರಲ್ಲಿ ಮೇಡೂ ಇದ್ಯಾ? ನಾನೊಂದು ಸಲ ಹತ್ತಲಾ?”

ಅವಳು ನನಗಿಂತ ಒಂದು ಗೇಣು ಗಿಡ್ಡ. ಏರನ್ನು ಪೂರ್ತಿ ಎತ್ತಿಸಿದಳು. ಅಟ್ಟಕ್ಕೂ ಅವಳ ತಲೆಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗ! ರಾಣಿಯಂತೆ ಅರ್ಧ ಗಂಟೆ ನಡೆದು ಇಳಿದಳು. “ಸೂಪರ್ ಅಕ್ಕಾ! ನನ್ನದು ಇದರ ಮುಂದೆ ಏನೂ ಅಲ್ಲ.”

ಈ ಮಾತನ್ನು ಕೇಳಬೇಕೆಂದೇ ನಾನು ಊಟಿಗೆ ಹೋಗಿದ್ದು. ಕೇಳಿದ ಸಂತೋಷದಲ್ಲಿ ಬಾಯಿ ಜಾರಿತು: “ದಿನಾ ಬಾ!”

ದಿನಾ ಬಂದಳು.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ನಮ್ಮ ಹಟ್ಟಿಯಲ್ಲಿ ಇಲ್ಲ. ಅವಳು ಏರು ಹತ್ತುತ್ತಿದ್ದಾಗ ನಾನು ಕಾಫಿ ಬೆರೆಸಿ, ಮಾಮಿಗೆ ಪ್ರೀತಿಯ ಸಿಹಿ ಎಣ್ಣೆಹಿಟ್ಟು ಕರಿಯುತ್ತಿದ್ದೆ. ಅವಳು ಇಳಿದು ಬೆವರು ಒರೆಸಿಕೊಂಡು, “ಬೇಡಕ್ಕಾ, ಡಯಟ್,” ಎನ್ನುತ್ತಿದ್ದಳು. ಬಡಿಸಿದ್ದನ್ನು ಎಸೆದರೆ ಮಾಮಿ ಸುಮ್ಮನಿರುವವರಲ್ಲ. ತಟ್ಟೆ ಖಾಲಿ ಮಾಡುವ ಜವಾಬ್ದಾರಿ ನನ್ನದಾಯಿತು.

“ನೀನು ಅವಳ ಮನೆಗೆ ಹೋಗಿ ನಡಿ. ಅಲ್ಲಿ ಅಟ್ಟ ಇಲ್ಲ,” ಎಂದರು ನಮ್ಮವರು.

ನಾನು? ಸಪಾಟು ಮಾಡೆಲಿನಲ್ಲಿ?

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಜಡಿಮಳೆಯಲ್ಲಿ ಎರಡೂ ಮನೆಯ ಎಲೆ ಮೂಟೆಗಳ ಜೊತೆ ನಾವೆಲ್ಲ ಎಲೆ ತೂಗುವ ಶೆಡ್ಡಿಗೆ ಹೋದೆವು. ಮೂಟೆಗಳು ಇಳಿದ ಮೇಲೆ ವಿಮಲ ನಗುತ್ತ ತಕ್ಕಡಿ ಹತ್ತಿದಳು. ಮತ್ತೆ ನಾಲ್ಕು ಕಿಲೋ ಇಳಿದಿದ್ದಳು! “ಅಕ್ಕಾ, ಈಗ ನೀವು,” ಎಂದು ಕೈ ಹಿಡಿದು ನನ್ನನ್ನೂ ಹತ್ತಿಸಿದಳು.

ಮೂರು ಕಿಲೋ ಏರಿದ್ದೆ.

ಎಲೆ ತೂಗಿ ಕೊಳ್ಳುವವನ ಕಡೆ ತಿರುಗಿದೆ. ಮಾನ ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ.

“ನೆನೆದಿದೀನಿ, ನೋಡಿ. ಒದ್ದೆ ಎಲೆಗೆ ನೀರಿನ ತೂಕ ಅಂತ ಕಳೀತೀರಲ್ಲ, ನನಗೂ ಕಳೀರಿ!”

ಅವನು ಮೂಟೆ ನೋಡುವ ಹಾಗೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀರಿಗೆ ಒಂದು ಕಿಲೋ ಕಳೀಬೋದಕ್ಕಾ. ಮಿಕ್ಕಿದ್ದೆಲ್ಲ ಒಳ್ಳೆ ಎಲೆ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಮ್ಮವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು ಮೆಲ್ಲಗೆ ಹೇಳಿದರು: “ಹೋಗ್ಲಿ ಬಿಡು. ಮಿಷಿನ್ ಮಾತ್ರ ತುಂಬಾ ಚೆನ್ನಾಗಿ ಆರಿಸಿದೀಯ.”

ಇಪ್ಪತ್ತೆರಡು ವರ್ಷದ ಮೇಲೆ ಎರಡನೆಯ ಹೊಗಳಿಕೆ! ನಾನು ಕರಗಿಯೇ ಹೋಗುತ್ತಿದ್ದೆ. ಅಷ್ಟರಲ್ಲಿ ಅವರು ಸಾಕ್ಷಿಗೆಂದು ಕೈ ತೋರಿಸಿದರು, ವಿಮಲಳ ಸೊಂಟದ ಕಡೆಗೆ.