ಮಾಳಿಗೆ ಮೇಲಿನ ಡಿ ಡ್ರೈವ್

ಮಂಗಗಳ ಕಾಟಕ್ಕೆಂದು ಕೋಮಲ ಮಾಳಿಗೆಯ ಕೋಣೆಗೆ ಕೀಲಿ ಜಡಿದಳು, ಕೀಲಿಕೈಯನ್ನು ಪರ್ಸಿಗೆ ಹಾಕಿಕೊಂಡಳು, ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಅಥಣಿಯ ಬಸ್ಸು ಹತ್ತಿದಳು. ದಿಗ್ಗೇವಾಡಿಯ ಮನೆಯಲ್ಲಿ ಅವಳ ಗಂಡ ಮಲಕಾರಿ ಆಗಿನ್ನೂ ಹಲ್ಲುಜ್ಜುತ್ತಿದ್ದ. ಅವನ ಕಂಪ್ಯೂಟರು ಆ ಕೋಣೆಯ ಒಳಗಿತ್ತು. ಕಂಪ್ಯೂಟರಿನ ಒಳಗೆ ಹಿಂದಿನ ದಿನದ ಚಕ್ಕಡಿ ಶರ್ಯತ್ತಿನ, ಎಂದರೆ ಎತ್ತಿನ ಗಾಡಿ ಓಟದ, ವಿಡಿಯೋ ಇತ್ತು.

ಮಲಕಾರಿಗೆ ಹೊಲಮನೆಯ ಜೊತೆಗೆ ಇನ್ನೊಂದು ಹುಚ್ಚು. ಸುತ್ತಲಿನ ಊರುಗಳ ಚಕ್ಕಡಿ ಶರ್ಯತ್ತುಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ನಿನ್ನೆ ದಿಗ್ಗೇವಾಡಿಯಲ್ಲೇ ನಡೆದ ಕೊನೆಯ ಓಟದಲ್ಲಿ ಇದೇ ಊರಿನ ಕಾಮಣ್ಣನ ಚಕ್ಕಡಿಯೂ ಸದಲಗಾದ ಸಂಭಾಜಿಯ ಚಕ್ಕಡಿಯೂ ಗೆರೆಯನ್ನು ಒಟ್ಟಿಗೇ ದಾಟಿದಂತೆ ಕಂಡವು. ಬಾವುಟ ಹಿಡಿದವನು ಅದೇ ಗಳಿಗೆಯಲ್ಲಿ ಸೀನಿಬಿಟ್ಟಿದ್ದ. ಗೆರೆಯ ಪಕ್ಕದಲ್ಲಿ ನಿಲ್ಲಲು ಅನುಮತಿ ಇದ್ದದ್ದು ಮಲಕಾರಿಯ ಕ್ಯಾಮೆರಾಕ್ಕೆ ಮಾತ್ರ. ಅದು ಹೇಳಿದ್ದೇ ತೀರ್ಪು ಎಂದು ಕಮಿಟಿ ಕೈತೊಳೆದುಕೊಂಡಿತು. ಬಹುಮಾನದ ಬೈಕು ಕೊರಳಿಗೆ ಹಾರ ಹಾಕಿಕೊಂಡು, ವರ ಯಾರೆಂದು ತಿಳಿಯದ ಮದುಮಗಳ ಹಾಗೆ ಕಮಿಟಿಯ ಅಂಗಳದಲ್ಲಿ ನಿಂತಿತ್ತು.

ಗೆದ್ದವರು ಯಾರೆಂಬುದು ಮಲಕಾರಿಗೂ ಗೊತ್ತಿರಲಿಲ್ಲ. ಓಟದ ಹೊತ್ತಿಗೆ ಅವನ ಕಣ್ಣು ಕ್ಯಾಮೆರಾದ ಪರದೆಯ ಮೇಲಿತ್ತು, ಪರದೆಯ ಮೇಲೆ ಧೂಳಿತ್ತು. ರಾತ್ರಿ ವಿಡಿಯೋವನ್ನು ಕಂಪ್ಯೂಟರಿನ ಡಿ ಡ್ರೈವಿಗೆ ಇಳಿಸಿ, ಕ್ಯಾಮೆರಾದ ಕಾರ್ಡು ಖಾಲಿ ಮಾಡಿ, ಬೆಳಿಗ್ಗೆ ನೋಡಿದರಾಯಿತೆಂದು ಕಂಪ್ಯೂಟರನ್ನು ಚಾಲೂ ಬಿಟ್ಟೇ ಮಲಗಿದ್ದ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಕಾಮಣ್ಣ ಒಂದು ಕಡೆಯಿಂದ, ತೀರ್ಪಿಗಾಗಿ ಎತ್ತುಗಳೊಡನೆ ಇದೇ ಊರಲ್ಲಿ ಉಳಿದಿದ್ದ ಸಂಭಾಜಿ ಇನ್ನೊಂದು ಕಡೆಯಿಂದ, ತಮ್ಮ ತಮ್ಮ ಮಂದಿಯೊಡನೆ ಬಂದರು. ಪಡಸಾಲೆ ತುಂಬಿತು. ಪಕ್ಕದ ಮನೆಯ ಹಾಲಸಿದ್ದ ಯಾರೂ ಕರೆಯದೆಯೇ ಟೀವಿಯ ಎದುರಿನ ಜಾಗ ಹಿಡಿದ.

"ಕೀಲಿಕೈ ಅಥಣಿಗೆ ಹೋಗೈತ್ರಿ. ಸಂಜಿ ಬಸ್ಸಿಗೆ ಬರ್ತೈತಿ," ಎಂದ ಮಲಕಾರಿ.

"ಸಂಜಿತನಾ ಯಾರ್ ಕುಂದರ್ತಾರೋ? ಕೀಲಿ ಒಡಿ!" ಎಂದ ಕಾಮಣ್ಣ.

ಒಳಗಿನಿಂದ ಮಲಕಾರಿಯ ತಾಯಿ ದುಂಡವ್ವ ಸೌಟು ಹಿಡಿದೇ ಹೊರಬಂದಳು. "ನನ್ನ ತವರಿನ ಕೀಲಿ ಅದು. ಅದನ್ನ ಮುಟ್ಟಿದವ್ರ ಕೈ ಮುರಿತೀನಿ. ಚಾ ಕುಡ್ದು ಸುಮ್ಕ ಕುಂದರ್ರಿ."

ಎಲ್ಲರೂ ಕೂತರು. ಆಗ ಮಲಕಾರಿಯ ಕಣ್ಣು ಟೀವಿಯ ಕೆಳಗಿನ ಕರಿ ಡಬ್ಬಿಯ ಮೇಲೆ ಬಿತ್ತು. ಹೋದ ತಿಂಗಳು ತಂದ ಸ್ಟೋರೇಜ್ ಡಬ್ಬಿ ಅದು. ಕಂಪ್ಯೂಟರಿನಿಂದ ಹಳೆಯ ವಿಡಿಯೋಗಳನ್ನು ಅದಕ್ಕೆ ಕಳಿಸಿದರೆ ಮನೆಯ ವೈಫೈ ಮೂಲಕ ಟೀವಿಯಲ್ಲೂ ಫೋನಿನಲ್ಲೂ ನೋಡಬಹುದಿತ್ತು. ಇಷ್ಟು ದಿನ ಕಂಪ್ಯೂಟರು ಕೊಡುತ್ತಿತ್ತು, ಡಬ್ಬಿ ತೆಗೆದುಕೊಳ್ಳುತ್ತಿತ್ತು. ಡಬ್ಬಿಯೇ ಕೈ ಚಾಚಿ, ಕೀಲಿ ಹಾಕಿದ ಕೋಣೆಯೊಳಗಿನ ಕಂಪ್ಯೂಟರಿನ ಹೊಟ್ಟೆಯಿಂದ ತೆಗೆದುಕೊಳ್ಳಬಲ್ಲುದೇ? ಈ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ಮಲಕಾರಿಗೆ ಚಹಾ ತಣ್ಣಗಾದದ್ದೂ ತಿಳಿಯಲಿಲ್ಲ.

ರಾಯಬಾಗದಲ್ಲಿ ಅಂಗಡಿ ಇಟ್ಟಿರುವ, ಇವೆಲ್ಲವನ್ನೂ ಜೋಡಿಸಿಕೊಟ್ಟ ಸಮಾಧಾನನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ಹಾಲಸಿದ್ದ ಕೈ ಚಾಚಿ ಸ್ಪೀಕರ್ ಒತ್ತಿದ.

"ಆಕ್ಕೈತಿ ತಗೋ," ಎಂದ ಸಮಾಧಾನ. "ನಿನ್ನ ಡಿ ಡ್ರೈವ್ ನಾನ ಶೇರ್ ಮಾಡಿ ಇಟ್ಟೀನಿ. ಡಬ್ಬಿಗೆ ಕಂಪ್ಯೂಟರಿನ ನಂಬರ್ ಹೇಳಬೇಕು, ಹೆಸರು ಹೇಳಬೇಕು, ಪಾಸ್‌ವರ್ಡ್ ಹೇಳಬೇಕು. ನಂಬರ್ ವೈಫೈ ಪಟ್ಟಿಯೊಳಗ ಸಿಗ್ತೈತಿ, ನೋಡು."

ಮಲಕಾರಿ ಫೋನಿನಲ್ಲಿ ಪಟ್ಟಿ ತೆರೆದ. ಟೀವಿ ಇತ್ತು, ಡಬ್ಬಿ ಇತ್ತು, ಕಂಪ್ಯೂಟರು ಇತ್ತು. ಅವುಗಳ ನಡುವೆ ಹಾಲಸಿದ್ದನ ಫೋನೂ ಇತ್ತು.

"ಲೇ ಹಾಲಸಿದ್ದ, ನಿನ್ನ ಫೋನ್ ನನ್ನ ವೈಫೈದಾಗ ಏನ್ ಮಾಡಾಕತ್ತೈತಿ?"

"ದಿನಾ ನಾನs ನಿಮ್ಮನ್ಯಾಗ ಇರ್ತೀನಿ. ನನ್ನ ಫೋನ್ ಅಷ್ಟ ಹೊರಗ ಇರಬೇಕೇನು?"

ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ. ಮಲಕಾರಿ ನಂಬರನ್ನು ಡಬ್ಬಿಗೆ ಕೊಟ್ಟ. ಟೀವಿಯ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಪಡಸಾಲೆಯವರೆಲ್ಲ ಅದರೊಂದಿಗೆ ತಲೆ ತಿರುಗಿಸಿದರು. ಚಕ್ರ ನಿಲ್ಲಲಿಲ್ಲವೆಂದು ಹಾಲಸಿದ್ದ ಎದ್ದು ಹೋಗಿ ವೈಫೈಯ ವೈರನ್ನೇ ಕಿತ್ತು ಮತ್ತೆ ಚುಚ್ಚಿದ. "ನಮ್ಮ ಮೋಟರಿಗೆ ಹಿಂಗ ಮಾಡ್ತೀನಿ." ಎಲ್ಲವೂ ಆರಿಹೋಗಿ ಮತ್ತೆ ಹೊತ್ತಿಕೊಂಡಾಗ ಕಂಪ್ಯೂಟರಿನ ನಂಬರೇ ಬದಲಾಗಿತ್ತು. ಪಟ್ಟಿ ಮತ್ತೆ ಹುಡುಕಬೇಕಾಯಿತು. ದುಂಡವ್ವ ಎರಡನೆಯ ಸಲ ಚಹಾ ಇಟ್ಟಳು, ಜೊತೆಗೆ ಚುರುಮುರಿಯನ್ನೂ ಕಲಸಿದಳು.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಕಂಪ್ಯೂಟರಿನ ಬಾಗಿಲು ತಟ್ಟಿ ಪಾಸ್‌ವರ್ಡ್ ಕೇಳಿತು. ಮಲಕಾರಿ ಕೆಮ್ಮಿದ. ಅಂಗೈಯಿಂದ ಫೋನಿನ ಪರದೆಯನ್ನು ಮುಚ್ಚಿಕೊಂಡು ಏನೋ ಒತ್ತಿದ. ತಪ್ಪೆಂದು ಬಂತು. ಇನ್ನೊಮ್ಮೆ ಒತ್ತಿದ. ಅದೂ ತಪ್ಪು.

"ಮರತಿ ಏನ್ ಮಾರಾಯಾ?" ಇನ್ನೂ ಸ್ಪೀಕರಿನಲ್ಲೇ ಇದ್ದ ಫೋನಿನಿಂದ ಸಮಾಧಾನ ಕೂಗಿದ. "ಅದs, ಸಂಭಾಜಿಯವರ ಎತ್ತಿನ ಹೆಸರು! ಸರ್ಜಾ! ಮೊದಲನೇ ಅಕ್ಷರ ದೊಡ್ಡದು!"

ಕಾಮಣ್ಣನ ಮಂದಿ ಚುರುಮುರಿಯ ತಾಟು ಕೆಳಗಿಟ್ಟರು.

ಕಾಮಣ್ಣ ಎದ್ದು ನಿಂತ. "ನಮ್ಮೂರಾಂವ ನೀನು! ಸದಲಗಾದ ಎತ್ತಿನ ಹೆಸರು ದಿನಾ ಜಪಾ ಮಾಡ್ತೀಯಾ? ಇಂವನ ಕ್ಯಾಮೆರಾನs ಆ ಕಡೆ ವಾಲೈತಿ!"

"ಹೆಸರು ಸಣ್ಣದೈತಂತ ಇಟ್ಟೀನ್ರಿ ಕಾಕಾ, ಬ್ಯಾರೆ ಏನೂ ಇಲ್ಲ," ಎಂದು ಮಲಕಾರಿ ಗೋಗರೆದ.

"ಅರೇ ಥಾಂಬಾ, ಥಾಂಬಾ," ಎಂದು ಮರಾಠಿಯಲ್ಲಿ ತಡೆದು ಸಂಭಾಜಿ ಮೀಸೆ ತಿರುವಿದ. "ಸರ್ಜಾನ ಹೆಸರು ಯಾರ್ ಇಡೂದಿಲ್ಲ ಹೇಳ್ರಿ? ಎಡಕ ಅವನs ಎಳೀತಾನ. ಬಲಕಿಂದು ಅಷ್ಟ ಸ್ವಲ್ಪ ಜಡ."

ಕಾಮಣ್ಣ ಸಂಭಾಜಿಯ ಕಡೆ ತಿರುಗಿದ. "ನಿಮ್ದು ಬಲಕಿಂದು ಜಡ?"

"ಹೂಂ."

"ನಮ್ದು ಎಡಕಿಂದು ಜಡರಿ. ಬಲಕ ಬಿಜಲ್ಯಾ ಇಲ್ಲಂದ್ರ ನಮ್ಮ ಚಕ್ಕಡಿ ಮನೀನs ಬಿಡೂದಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಾಮಣ್ಣ ಕೂತ. ಆದರೆ ಈ ಸಲ ಸಂಭಾಜಿಯ ಪಕ್ಕದಲ್ಲಿ.

ಮಲಕಾರಿ ಇದೊಂದನ್ನೂ ಗಮನಿಸಲಿಲ್ಲ. ಸರಿಯಾದ ಅಕ್ಷರಗಳು ಬಿದ್ದಿದ್ದವು. ಟೀವಿಯ ಮೇಲೆ ಒಂದೊಂದಾಗಿ ಫೋಲ್ಡರುಗಳು ಮೂಡಿದವು. ಕೀಲಿ ಹಾಕಿದ ಕೋಣೆ, ಯಾರೂ ಕೂರದ ಕುರ್ಚಿ, ಆ ಕಂಪ್ಯೂಟರಿನ ಒಳಗಿನ ಡಿ ಡ್ರೈವು ಇಲ್ಲಿ ಪಡಸಾಲೆಯಲ್ಲಿ ಪೂರ್ತಿ ಬಿಚ್ಚಿಕೊಂಡಿತ್ತು! ಗಣಿತದ ಲೆಕ್ಕ ಮೊದಲ ಸಲ ಸರಿಬಂದ ಹುಡುಗನ ಹಾಗೆ ಅವನಿಗೆ ಮೈಯೆಲ್ಲ ಜುಮ್ಮೆಂದಿತು. ನಿನ್ನೆಯ ವಿಡಿಯೋ ಕಂಡಿತು. ಬೆರಳೆತ್ತಿದ.

"ಒತ್ತಬ್ಯಾಡ!" ಎರಡು ಕಂಠಗಳು ಒಟ್ಟಿಗೆ ಕೂಗಿದವು.

ಅಷ್ಟರಲ್ಲಾಗಲೇ ಮಾತುಕತೆ ಮುಗಿದುಹೋಗಿತ್ತು. ಸರ್ಜಾ ಮತ್ತು ಬಿಜಲ್ಯಾ ಇನ್ನು ಮುಂದೆ ಒಂದೇ ಜೋಡಿ. ಬೈಕು ಒಂದು ವಾರ ದಿಗ್ಗೇವಾಡಿಯಲ್ಲಿ, ಒಂದು ವಾರ ಸದಲಗಾದಲ್ಲಿ.

"ವಿಡಿಯೋ ಅಳಿಸು," ಎಂದ ಕಾಮಣ್ಣ. "ನೋಡಿದ್ರ ಒಬ್ಬಾಂವ ಸೋಲ್ತಾನ. ನೋಡದಿದ್ರ ಇಬ್ಬರೂ ಗೆದ್ದಂಗ."

"ಒಂದ ಸಲ ನೋಡ್ತೀನ್ರಿ! ನಾನೊಬ್ಬನs ನೋಡ್ತೀನಿ, ಯಾರಿಗೂ ಹೇಳೂದಿಲ್ಲ!"

"ನೀ ಹೇಳೂದಿಲ್ಲ, ನಿನ್ನ ಮಾರಿ ಹೇಳ್ತೈತಿ," ಎಂದ ಸಂಭಾಜಿ. ಅವನ ಕಡೆಯ ನಾಲ್ಕು ಮಂದಿ ಮಲಕಾರಿಯ ಹಿಂದೆ ಬಂದು ನಿಂತರು. ಕಾಮಣ್ಣನ ಕಡೆಯ ನಾಲ್ವರೂ ಅವರ ಜೊತೆಗೂಡಿದರು.

ಮಲಕಾರಿಗೆ ಒಂದು ಉಪಾಯ ಹೊಳೆಯಿತು. ಅಳಿಸಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಗೆ ಹೋಗಿ ಬೀಳುತ್ತದೆ. ಸಂಜೆ ಕೋಮಲ ಬಂದ ಮೇಲೆ ಮೆಲ್ಲಗೆ ಎತ್ತಿಕೊಂಡು ನೋಡಿದರಾಯಿತು. ಮುಖ ಸಪ್ಪೆ ಮಾಡಿಕೊಂಡು ಫೋನನ್ನು ಒತ್ತಿದ. ಅದು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಓದುವ ವ್ಯವಧಾನವಿಲ್ಲದೆ ಹೂಂ ಎಂದು ಒತ್ತಿದ. ವಿಡಿಯೋ ಮಾಯವಾಯಿತು. ಕಾಮಣ್ಣ, ಸಂಭಾಜಿ ಇಬ್ಬರೂ ಬೀಗರಂತೆ ಹೆಗಲ ಮೇಲೆ ಕೈ ಹಾಕಿಕೊಂಡು, ಹೊಸ ಜೋಡಿಯನ್ನು ಹೂಡಿ ನೋಡಲು ಹೊರಟರು.

ಸಂಜೆ ಬಸ್ಸಿಳಿದ ಕೋಮಲಳ ಕೈಯಿಂದ ಮಲಕಾರಿ ಪರ್ಸನ್ನೇ ಕಸಿದುಕೊಂಡು ಮಾಳಿಗೆ ಹತ್ತಿದ. ಕೀಲಿ ತೆಗೆದ, ಕಸದ ಬುಟ್ಟಿ ತೆರೆದ. ಅದು ತೊಳೆದಿಟ್ಟ ತಾಟಿನ ಹಾಗೆ ಖಾಲಿಯಿತ್ತು. ಸಮಾಧಾನನಿಗೆ ಫೋನು ಮಾಡಿದ.

"ಡಬ್ಬಿ ಕಡೆಯಿಂದ ಅಳಿಸಿದ್ಯಾ?" ಸಮಾಧಾನ ನಕ್ಕ. "ವೈಫೈ ಮ್ಯಾಲಿಂದ ಅಳಿಸಿದ್ದು ಬುಟ್ಟಿಗೆ ಬರೂದಿಲ್ಲೋ. ಸೀದಾ ಹೋಗಿಬಿಡ್ತೈತಿ. ಅದನ್ನs ಕೇಳಿರ್ತೈತಿ ನೋಡು, ಇಂಗ್ಲಿಷಿನ್ಯಾಗ."

ಅಷ್ಟರಲ್ಲಿ ಕೆಳಗೆ ಗದ್ದಲವೆದ್ದಿತು. ಮಲಕಾರಿ ಕಿಟಕಿಯ ಸರಳಿಗೆ ಕಿವಿ ಹಚ್ಚಿದ. ಸರ್ಜಾ ಸದಲಗಾದ ಹಾದಿ ಹಿಡಿದು ಎಳೆದಿತ್ತಂತೆ, ಬಿಜಲ್ಯಾ ತನ್ನ ಕೊಟ್ಟಿಗೆಯ ಕಡೆಗೆ ಎಳೆದಿತ್ತಂತೆ. ಚಕ್ಕಡಿ ನಿಂತಲ್ಲೇ ಬುಗುರಿಯಂತೆ ತಿರುಗಿ ಚರಂಡಿಗೆ ಬಿದ್ದಿತ್ತು. ನಿನ್ನ ಎತ್ತು ಗಾಂಪ, ನಿನ್ನದೇ ಗಾಂಪ ಎಂದು ಶುರುವಾದದ್ದು ಈಗ ಯಾರ ಬೈಕು ಎನ್ನುವಲ್ಲಿಗೆ ಬಂದು ನಿಂತಿತ್ತು.

"ಎಲ್ಲದಾನ ಅಂವ? ಅಳಿಸಿದ್ದು ಕಂಪ್ಯೂಟರಿನ ಬುಟ್ಟ್ಯಾಗ ಇರ್ತೈತಂತ ಹಾಲಸಿದ್ದ ಹೇಳ್ಯಾನ. ವಿಡಿಯೋ ನೋಡಿನs ನಿಕಾಲಿ ಆಗಬೇಕು, ಗೆದ್ದಾಂವ ಯಾರಂತ!" ಎಂದು ಕಾಮಣ್ಣ ಗುಡುಗಿದ.

"ಈಗ, ಇಲ್ಲೇ!" ಎಂದ ಸಂಭಾಜಿ. ಆ ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದ್ದರು.

ಮಲಕಾರಿ ಕುರ್ಚಿಯ ಹಿಂದೆ ಅಡಗಿ ಕೂತ. ಕೆಳಗಿನಿಂದ ದುಂಡವ್ವನ ದನಿ ಹರುಷದಿಂದ ಏರಿ ಬಂತು.

"ಬರ್ರಿ, ಕುಂದರ್ರಿ, ಮ್ಯಾಲೆ ಅದಾನ. ಕೀಲಿಕೈನೂ ಬಂದೈತಿ, ಇನ್ನೇನ್ ತಡಾ? ಮಲಕಾರೀ, ಹಿರ್ಯಾರು ಬಂದಾರ ನೋಡೋ. ಲಗೂನ ಟೀವಿ ಹಚ್ಚು!"