ಬೆಳಿಗ್ಗೆ ಏಳಕ್ಕೆ ಒಂಬತ್ತು ಆಂಪಿಯರ್

ಸಿಟ್ಟು ಬಂದರೆ ಬೇರೆಯವರು ಪಾತ್ರೆ ಕುಕ್ಕುತ್ತಾರೆ, ಬಾಗಿಲು ಬಡಿಯುತ್ತಾರೆ. ನಾನು ಯಂತ್ರ ಮಾಡಲು ಕೂರುತ್ತೇನೆ. ಮಾಡಿದ ಯಂತ್ರ ಮೊದಲಿಗಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಬೀದರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ, ಒಂದು ಸಲವೂ ಇದು ತಪ್ಪಿಲ್ಲ.

ಈ ಸಲದ ಸಿಟ್ಟು ಮನೆ ಮಾಲೀಕರ ಮೇಲೆ. ನಿವೃತ್ತ ಹೆಡ್ ಮಾಸ್ತರರು. ಮೇಲೆ ಅವರೂ ಅವರ ಹೆಂಡತಿಯೂ, ಕೆಳಗೆ ನಾನೂ ನಮ್ಮವ್ವನೂ. ರಜೆ ಬಿಟ್ಟು ದಿನಾ ಬೆಳಿಗ್ಗೆ ಏಳಕ್ಕೆ ಇಡೀ ಮನೆಯ ಮೇನ್ ಸ್ವಿಚ್ ಬೀಳುತ್ತಿತ್ತು, ಟಿವಿಯಲ್ಲಿ ಅವರು ಕೇಳುವ ಪ್ರವಚನ ಅರ್ಧಕ್ಕೆ ನಿಲ್ಲುತ್ತಿತ್ತು. ಕೆಳಗಿನವರು ಏನೋ ದೊಡ್ಡದನ್ನು ಹಚ್ಚುತ್ತಾರೆ ಎಂದು ಅವರು ತೀರ್ಮಾನಿಸಿದರು. ತಿಂಗಳ ಕೊನೆಯ ಭಾನುವಾರದೊಳಗೆ ಮನೆ ಖಾಲಿ ಮಾಡಿ ಎಂದರು.

ಖಾಲಿ ಮಾಡುವುದು ಸುಲಭ. ಇನ್ನೊಂದು ಮನೆ ಸಿಗಬೇಕಲ್ಲ. ಕೇಳಲು ಹೋದರೆ ಮೊದಲು ಹೆಸರು, ಆಮೇಲೆ ಅಡ್ಡಹೆಸರು, ಆಮೇಲೆ ಗೋಡೆಗೆ ಯಾರ ಫೋಟೊ ಹಾಕುತ್ತೀರಿ ಎಂದು ವಿಚಾರಿಸುತ್ತಾರೆ. ಬುದ್ಧನದು ಎಂದ ಕೂಡಲೇ ಆ ಮನೆ ಅವರ ನೆಂಟರಿಗೆ ಬೇಕಾಗಿಬಿಡುತ್ತದೆ. ನಾವು ಕೇಳಿದವುಗಳಲ್ಲಿ ಇದು ಹನ್ನೊಂದನೆಯ ಮನೆ. ಈಗ ಹನ್ನೆರಡನೆಯದಕ್ಕೆ ಅಲೆಯಲು ಅವ್ವನಿಗೆ ಮೊಣಕಾಲಿಲ್ಲ, ನನಗೆ ತಾಳ್ಮೆಯಿಲ್ಲ.

ಅದಕ್ಕೇ ಪೆಟ್ಟಿಗೆ ಮಾಡಿದೆ. ಒಳಗೊಂದು ಮೈಕ್ರೊಕಂಟ್ರೋಲರ್, ಹೊರಗೊಂದು ಕ್ಲಾಂಪ್. ಬಟ್ಟೆಗೆ ಕ್ಲಿಪ್ ಹಾಕಿದ ಹಾಗೆ ತಂತಿಗೆ ಹಾಕಿದರೆ ಸಾಕು, ಅದರಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಂಡು ಫೋನಿಗೂ ಕಳಿಸುತ್ತದೆ. ತಪ್ಪು ನಮ್ಮದಲ್ಲ ಎಂದು ಅಂಕಿಯಲ್ಲಿ ತೋರಿಸಬೇಕಿತ್ತು.

ಸೊನ್ನೆ

ಮೊದಲ ದಿನ ಮಾಲೀಕರ ಕಣ್ಣೆದುರೇ ಅಳೆಯೋಣ ಎಂದು ಅವರನ್ನು ಕೆಳಗೆ ಕರೆದೆ. ಅವರು ಇಬ್ಬರು ನೆರೆಯವರನ್ನೂ ಸಾಕ್ಷಿಗೆ ಕರೆತಂದರು. ಬೋರ್ಡ್ ಬಿಚ್ಚುವಂತಿಲ್ಲ, ತಂತಿ ಬಿಡಿಸುವಂತಿಲ್ಲ ಎಂದು ಷರತ್ತು ಹಾಕಿದರು. ಸಿಟ್ಟಿನಲ್ಲಿ ನಾನು ಹೊರಗಿನ ದಪ್ಪ ಕೇಬಲ್ಲಿಗೇ ಕ್ಲಾಂಪ್ ಹಾಕಿಬಿಟ್ಟೆ.

ಆ ಕೇಬಲ್ಲಿನೊಳಗೆ ಕರೆಂಟ್ ಹೋಗುವ ತಂತಿಯೂ ಇದೆ, ವಾಪಸ್ ಬರುವ ತಂತಿಯೂ ಇದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಒಂದನ್ನು ಇನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ. ಪ್ರತಿ ವರ್ಷ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ. ಪರದೆಯ ಮೇಲೆ ಸೊನ್ನೆ ಬಂತು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದಿದರು. ನಮ್ಮ ಫ್ಯಾನ್ ನೋಡಿದರು, ಬಲ್ಬ್ ನೋಡಿದರು. ಆಮೇಲೆ ಸಾಕ್ಷಿಗಳ ಕಡೆ ತಿರುಗಿದರು.

"ಫ್ಯಾನ್ ತಿರಗ್ಲತ್ತದ, ಬಲ್ಬ್ ಉರೀಲತ್ತದ, ಕರೆಂಟ್ ಮಾತ್ರ ಸೊನ್ನಿ ಅದ. ಅಂದ್ರ ಇವರು ಬರೇ ಮೇನ್ ಬೀಳಿಸೋದಿಲ್ರಿ, ಕಳವೂ ಮಾಡ್ಲತ್ತಾರ."

ಎರಡು ಪಾಯಿಂಟ್ ಜಾಸ್ತಿ

ಮಾಲೀಕರ ಕಣ್ಣು ತಪ್ಪಿಸಿ ಪೆಟ್ಟಿಗೆಯನ್ನು ಪಳಗಿಸಬೇಕೆಂದು ಮುಂದಿನ ರಜಾದಿನ ಭಾಲ್ಕಿ ಕಡೆಯ ಬಸ್ ಹತ್ತಿ ಸಾಯಗಾಂವಕ್ಕೆ, ಸೋದರಮಾವನ ಮನೆಗೆ ಹೋದೆ. ಮಾವ ತಾನೇ ಮೇನ್ ಆರಿಸಿದ. ನಾನು ಒಂದೇ ತಂತಿಗೆ, ಸರಿಯಾಗಿ, ಕ್ಲಾಂಪ್ ಹಾಕಿದೆ. ಪರದೆ ಸೊನ್ನೆ ಪಾಯಿಂಟ್ ಒಂದು ನಾಲ್ಕು ಎಂದಿತು.

ಅದು ಕರೆಂಟೇ ಅಲ್ಲ. ಬಡ ಸರ್ಕಿಟ್ಟು ಸುಮ್ಮನೆ ಕೂತಾಗಲೂ ಸ್ವಲ್ಪ ನಡುಗುತ್ತಿರುತ್ತದೆ, ಆ ನಡುಕವನ್ನು ಲೆಕ್ಕದಿಂದ ಕಳೆಯಲು ನಾನು ಮರೆತಿದ್ದೆ. ಇದನ್ನು ಮಾವನಿಗೆ ಮೂರು ಸಲ ಹೇಳಿದೆ. ಮೇನ್ ತೆಗೆದ ಮೇಲೂ ಹರಿಯುತ್ತಿದೆ ಎಂದರೆ ಯಾರೋ ಎಳೆಯುತ್ತಿದ್ದಾರೆ ಎಂದು ಅವನು ಮೂರು ಸಲವೂ ಹೇಳಿದ. ಯಾರು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಪಕ್ಕದ ಮನೆಯವನ ಜೊತೆ ನಡುಗೋಡೆಯ ಜಗಳ ನಾನು ಹುಟ್ಟುವುದಕ್ಕಿಂತ ಹಳೆಯದು.

ಮಾವ ಹೋಗಿ ಕೂಗಾಡಿದ. ಪಕ್ಕದವನು ಬಂದು, ಅದೇ ಪೆಟ್ಟಿಗೆ ತನ್ನ ಮನೆಗೂ ಹಚ್ಚಬೇಕೆಂದು ಹಟ ಹಿಡಿದ. ಅಲ್ಲಿಯೂ ಮೇನ್ ಆರಿಸಿ ಹಚ್ಚಿದೆ. ಸೊನ್ನೆ ಪಾಯಿಂಟ್ ಒಂದು ಆರು ಬಂತು.

ಪಕ್ಕದವನು ಗೋಡೆಯ ಮೇಲಿಂದ ಬಗ್ಗಿ ಮಾವನಿಗೆ ಹೇಳಿದ: "ನಾ ನಿಂದು ಹದಿನಾಲ್ಕು ಕದ್ದೀನಿ, ನೀ ನಂದು ಹದಿನಾರು. ಮೊದಲ ಆ ಎರಡು ವಾಪಸ್ ಕೊಡು, ಆಮ್ಯಾಲ ಮಾತಾಡು."

ಮೊಣಕಾಲಿನ ಕರೆಂಟ್

ಔರಾದದಲ್ಲಿ ನಮ್ಮಕ್ಕನ ಗಂಡ ವೈರ್‌ಮನ್. ಅವರ ಬಳಿ ತಂತಿಗೆ ಕಚ್ಚಿಸಿ ಕರೆಂಟ್ ಅಳೆಯುವ ನಿಜವಾದ ಟಾಂಗ್ ಟೆಸ್ಟರ್ ಇದೆ, ಅದರ ಎದುರಿಟ್ಟು ನನ್ನ ಪೆಟ್ಟಿಗೆ ತಿದ್ದಿಕೊಳ್ಳಲು ಹೋದೆ. ಭಾವ ಇಸ್ತ್ರಿ ಪೆಟ್ಟಿಗೆ ಹಚ್ಚಿದರು. ಅವರದು ನಾಲ್ಕೂ ಕಾಲು ಆಂಪಿಯರ್ ತೋರಿಸಿತು, ನನ್ನದು ಮೂರು. ಪ್ರೋಗ್ರಾಮಿನಲ್ಲಿ ನಡುಕ ಕಳೆದು, ಒಂದು ಸಂಖ್ಯೆ ತಿದ್ದಿ, ಮಧ್ಯಾಹ್ನದ ಹೊತ್ತಿಗೆ ಎರಡೂ ಒಂದೇ ಹೇಳುವಂತೆ ಮಾಡಿದೆ. ನನ್ನ ಟೆಸ್ಟರ್ ಹೇಳಿದ್ದನ್ನೇ ಹೇಳುವುದಾದರೆ ನಿನ್ನದು ಯಾಕೆ ಬೇಕು ಎಂದು ಭಾವ ಕೇಳಿದರು. ನಾನು ಅನ್ನ ಕಲಸಿದೆ. ಆದರೆ ಊಟದ ನಡುವೆ ಅವರೇ ದಾರಿ ತೋರಿದರು. ಮಾಲೀಕರ ಕೇಬಲ್ ಬಿಟ್ಟುಬಿಡು, ನಿಮ್ಮ ಮನೆಯೊಳಗಿನ ಬೋರ್ಡ್ ಬಿಚ್ಚಿ ಅಲ್ಲಿ ಹಚ್ಚು ಎಂದರು.

ಅಷ್ಟರಲ್ಲಿ ಅಕ್ಕನ ನೆರೆಮನೆಯ ಮುದುಕಿ ಬಂದು ಕುಳಿತರು. ಠಾಣಾ ಕುಶನೂರಿನಿಂದ ಮಗಳ ಮನೆಗೆ ಬಂದವರು, ಒಂದು ಕಾಲು ಮೊಣಕಾಲಿನಿಂದ ಕೆಳಗೆ ಜೋಮು ಹಿಡಿದು ಕರೆಂಟ್ ಹೊಡೆದ ಹಾಗಾಗುತ್ತದೆಯಂತೆ. ಕ್ಲಾಂಪ್ ತೋರಿಸಿ, ಈ ಚಿಮ್ಮಟ ಅಲ್ಲಿಗೆ ಹಚ್ಚು ಎಂದರು. ಇದು ತಂತಿಗೆ ಮಾತ್ರ ಎಂದು ನಾನು ಹಲ್ಲು ಕಚ್ಚಿಕೊಂಡು ವಿವರಿಸಿದೆ. ಅವರು ಕಾಲು ಚಾಚಿಯೇ ಕೂತಿದ್ದರು. ಕೊನೆಗೆ ಕಾಲಿನ ಹೆಬ್ಬೆರಳಿಗೆ ಹಾಕಿದೆ. ತಿದ್ದಿದ ಯಂತ್ರವಲ್ಲವೇ, ಅಚ್ಚುಕಟ್ಟಾಗಿ ಸೊನ್ನೆ ತೋರಿಸಿತು. ಏನೂ ಇಲ್ಲ ಅಜ್ಜಿ ಎಂದೆ.

"ದವಾಖಾನಿ ಡಾಕ್ಟರನೂ ಹಿಂಗೇ ಅಂದ ಯವ್ವಾ," ಎಂದರು ಮುದುಕಿ. "ನಿನ್ನ ಮಶೀನೂ ಆ ಡಾಕ್ಟರನಷ್ಟೇ ಓದೇದ ಕಾಣ್ತದ."

ಕಟ್ಟಿಗೆಯ ನೀರು

ಮನೆಗೆ ಬಂದು ನಮ್ಮ ಬೋರ್ಡಿನೊಳಗೆ ಒಂದೇ ತಂತಿಗೆ ಕ್ಲಾಂಪ್ ಹಾಕಿ ಮೂರು ದಿನ ಬಿಟ್ಟೆ. ಮೂರೂ ದಿನ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅಂಕಿ ಒಮ್ಮೆಗೇ ಒಂಬತ್ತು ಆಂಪಿಯರ್ ಜಿಗಿದಿತ್ತು. ಏಳಕ್ಕೆ ಅದರ ಮೇಲೆ ನಾನು ಸೀರೆಗೆ ಹಚ್ಚುವ ಇಸ್ತ್ರಿ, ಅದೇ ಹೊತ್ತಿಗೆ ಮಾಲೀಕರು ಹಾಕುವ ನೀರಿನ ಮೋಟರು. ಮೇನ್ ಬೀಳದೆ ಇನ್ನೇನು. ನಮ್ಮ ತಪ್ಪಿಲ್ಲ ಎಂದು ತೋರಿಸಲು ಮಾಡಿದ ಯಂತ್ರ ನಮ್ಮ ಮನೆಯ ಕಡೆಗೇ ಬೆರಳು ಮಾಡುತ್ತಿತ್ತು.

ಕೊನೆಯ ಭಾನುವಾರ ಬಂತು. ರಜೆ, ಇಸ್ತ್ರಿಯಿಲ್ಲ. ಫೋನ್ ಹಿಡಿದು ಕಾದು ಕೂತೆ. ಏಳಕ್ಕೆ ಹತ್ತು ನಿಮಿಷ ಇರುವಾಗ ಒಂಬತ್ತು ಬಂತು, ಅರ್ಧ ಗಂಟೆಯಾದರೂ ಅಲ್ಲೇ ಇತ್ತು. ಬೆಳಗಿನ ಅಡುಗೆಮನೆ ಅವ್ವನ ರಾಜ್ಯ, ನಾನು ಕಾಲಿಡುವುದಿಲ್ಲ. ಅಂದು ನುಗ್ಗಿದೆ. ಪ್ಲಗ್ಗಿನಿಂದ ದಪ್ಪ ತಂತಿಯೊಂದು ಕಿಟಕಿ ದಾಟಿ ಹಿತ್ತಲಿಗೆ ಹೋಗಿತ್ತು, ಅದರ ಹಿಂದೆ ನಾನೂ ಹೋದೆ.

ಹಿತ್ತಲಲ್ಲಿ ಮಾಸ್ತರರ ನೀರೊಲೆಯಿದೆ, ಪಕ್ಕದಲ್ಲೇ ಅವರ ಬಚ್ಚಲು. ಕರೆಂಟಿನಲ್ಲಿ ಕಾಯಿಸಿದ ನೀರು ಅವರಿಗೆ ನಿಷಿದ್ಧ, ಬೀದಿಗೆಲ್ಲ ಅದನ್ನೇ ಬೋಧಿಸುತ್ತಾರೆ. ಒಲೆಯಲ್ಲಿ ಎರಡೇ ಎರಡು ಕಟ್ಟಿಗೆ ತೋರಿಕೆಗೆ ಹೊಗೆಯಾಡುತ್ತಿದ್ದವು. ಒಲೆಯ ಹಿಂದೆ ಬಕೆಟ್ಟು, ಬಕೆಟ್ಟಿನಲ್ಲಿ ಹೀಟರ್ ರಾಡು, ರಾಡಿಗೆ ನಮ್ಮ ತಂತಿ. ಅವರ ಹೆಂಡತಿ ನನ್ನನ್ನು ನೋಡಿ ನಿಂತಲ್ಲೇ ನಿಂತರು.

ಅವ್ವನ ಮೇಲೆ ಎಂದೂ ಕೂಗದವಳು ಅಂದು ಕೂಗಲು ಬಾಯಿ ತೆರೆದೆ. ಹಿಂದೆಯೇ ಬಂದ ಅವ್ವ ಬಚ್ಚಲಿಗೆ ಕೇಳದ ಹಾಗೆ ಸಾವಕಾಶ ಹೇಳಿದಳು.

"ಹೊಗಿಗಿ ಆಕಿ ಕಣ್ಣು ಹೋಗ್ಲತ್ತಾವ. ಹತ್ತು ಮನಿಯವರು ಅಡ್ಡಹೆಸರು ಕೇಳಿದ್ರು. ಆಕಿ ಒಬ್ಬಾಕಿನೇ ಚಾ ಕುಡೀತೀರೇನು ಅಂತ ಕೇಳಿದ್ಲು. ಗಂಡನ ಜೋಡಿ ಜಗಳಾಡಿ ಮನಿ ಕೊಡಿಸ್ಯಾಳ. ಈಗ ಹೋಗಿ ಹೇಳ್ತಿ ಅಂದ್ರ ಹೇಳು."

ನನ್ನ ಕೈಯಲ್ಲಿ ಮೂರು ದಿನದ ಅಂಕಿಗಳಿದ್ದವು. ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆದು ಮಾಸ್ತರರು ಟವೆಲ್ ಸುತ್ತಿಕೊಂಡು ಹೊರಬಂದರು. ಮೈಯೆಲ್ಲ ಹಬೆ. ಇವತ್ತು ಭಾನುವಾರ, ನಿಮ್ಮ ಮಶೀನು ಏನು ಹೇಳಿತು ಎಂದು ಕೇಳಿದರು.

"ತಪ್ಪು ನಮ್ದೇರಿ ಸರ್," ಎಂದೆ. ಆ ಮೂರು ಪದಗಳಷ್ಟು ಸಿಟ್ಟು ತರಿಸಿದ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ. "ನನ್ನ ಇಸ್ತ್ರಿದು. ಇನ್ನ ಮ್ಯಾಲ ಸಂಜಿಮುಂದೇ ಮಾಡ್ಕೋತೇನಿ."

ಮಾಸ್ತರರ ಮುಖ ಅರಳಿತು. ಒಪ್ಪಿಕೊಂಡಿರಲ್ಲ, ಅಷ್ಟು ಸಾಕು, ಮನೆಯಲ್ಲೇ ಇರಿ ಎಂದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಗೆ ಇರಬೇಕು ಎಂದುಕೊಂಡರು ಮಾಸ್ತರರು. ಇನ್ನೊಂದು ಬಕೆಟ್ ನೀರು ತೋಡಲು ಹೆಂಡತಿಗೆ ಹೇಳಿ, ನನಗೆ ಪಾಠ ಶುರು ಮಾಡಿದರು.

"ನೀವೂ ಕಟ್ಟಿಗಿ ನೀರೇ ಹಾಕ್ಕೋರಿ ಮೇಡಂ. ಕರೆಂಟಿನ ನೀರು ಮೈಗಿ ಆಗಂಗಿಲ್ಲ. ಮಗಳ ಮನ್ಯಾಗ ಒಂದ್ಸಲ ಹಾಕ್ಕೊಂಡಿದ್ದೆ, ಎಂಟು ದಿನ ಮೈ ಕೆರೀತು. ನಂಗ ಒಂದು ಚೆಂಬು ಸುರಕೊಂಡ್ರ ಸಾಕು, ಯಾವ ನೀರು ಅಂತ ಪಕ್ಕಾ ಗೊತ್ತಾಗ್ತದ."

ಹೌದುರಿ ಸರ್ ಎಂದು ಫೋನನ್ನು ಬೆನ್ನ ಹಿಂದೆ ಹಿಡಿದೆ. ಅದರಲ್ಲಿ ಇನ್ನೂ ಒಂಬತ್ತು ಆಂಪಿಯರ್ ಇತ್ತು.