ಮುಸುರೆ ತಿಕ್ಕುವ ಮೆಷೀನು ಬಂದ ಮೇಲೆ

ಕೆಲವರ ಮನೆಯಲ್ಲಿ ಗಂಡ ಹೆಂಡತಿಯ ಮಾತುಕತೆ ಊಟದ ಮೇಜಿನಲ್ಲಿ ನಡೆಯುತ್ತದೆ, ಕೆಲವರಲ್ಲಿ ಹಾಸಿಗೆಯ ಮೇಲೆ. ಇನ್ನು ಕೆಲವು ಪುಣ್ಯವಂತರ ಮನೆಗಳಲ್ಲಿ ನಡೆಯುವುದೇ ಇಲ್ಲ, ಅವರು ಸುಖವಾಗಿದ್ದಾರೆ. ನಮ್ಮಲ್ಲಿ ಅದು ನಡೆಯುತ್ತಿದ್ದದ್ದು ಅಡುಗೆಮನೆಯ ಸಿಂಕಿನ ಮುಂದೆ, ರಾತ್ರಿ ಊಟವಾದ ಮೇಲೆ, ಅವಳು ಮುಸುರೆ ತಿಕ್ಕುವಾಗ, ನಾನು ಒರೆಸುವಾಗ. ನಡೆಯುತ್ತಿದ್ದದ್ದು ಎಂದೆ, ಗಮನಿಸಿ. ಆ ಭೂತಕಾಲವನ್ನು ನಾನೇ ಕೈಯಾರೆ ಕಂತಿನ ಮೇಲೆ ಕೊಂಡು ಮನೆಗೆ ತಂದೆ.

ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಗಾಜಿನ ಕೋಣೆಯಲ್ಲಿ ಕೂತು ದಿನವಿಡೀ ಮೈಕಿನಲ್ಲಿ ಪ್ರಯಾಣಿಕರ ಗಮನ ಬೇಡುವುದು ಅವಳ ಉದ್ಯೋಗ. ಮನೆಗೆ ಬರುವಷ್ಟರಲ್ಲಿ ಅವಳ ಬಾಯಿ ಮುಷ್ಕರ ಹೂಡಿರುತ್ತದೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಉಜ್ಜಿ, ಉಸಿರು ಊದಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ ಇಡುವುದೇ ನನ್ನ ಜನ್ಮಸಾರ್ಥಕ್ಯ. (ಹಾಗಾಗಿ ಮನೆಯಲ್ಲಿ ತಟ್ಟೆ ಒರೆಸುವ ಹುದ್ದೆ ನನಗೆ ಅರ್ಹತೆಯಿಂದಲೇ ಸಿಕ್ಕಿದ್ದು, ದಯೆಯಿಂದಲ್ಲ.) ಎದುರುಬದುರು ಕೂತು ಮುಖ ನೋಡಿಕೊಂಡು ಮಾತಾಡುವುದು ನಮ್ಮಿಬ್ಬರಿಗೂ ಒಗ್ಗದು. ಹಜಾರದಲ್ಲಿ ಕೂರಿಸಿದರೆ ತಡವಾದ ಬಸ್ಸಿಗೆ ಕಾಯುವ ಅಪರಿಚಿತರಂತೆ ಕೂರುತ್ತೇವೆ.

ಆದರೆ ಅವಳ ಕೈ ನೀರಿಗೆ ಬಿದ್ದರೆ ಸಾಕು, ಬಾಯಿ ಬಿಚ್ಚುತ್ತಿತ್ತು. ಅವಳ ಮೇಲಧಿಕಾರಿಯ ಜಿಪುಣತನ, ಅವಳಮ್ಮನ ಮಂಡಿನೋವು, ನನ್ನ ತಂಗಿಯ ನಾಲಿಗೆ, ಎಲ್ಲವೂ ಅಲ್ಲೇ ಬರುತ್ತಿದ್ದವು. ನಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಹೇಳಿದ್ದು ಸೀದ ಪಾತ್ರೆಯ ತಳ ಕೆರೆಯುತ್ತಾ. ಆಗ ಕಣ್ಣಿಗೆ ಸೋಪು ಹೋಯಿತು ಎಂದಳು. ನಾನು ನಂಬಿದವನಂತೆ ನಟಿಸಿ ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದೆ. ಇಷ್ಟು ಹೇಳಿದರೆ ಆ ಸಿಂಕು ನಮಗೆ ಏನಾಗಿತ್ತೆಂದು ನಿಮಗೆ ಗೊತ್ತಾಗುತ್ತದೆ. ನನಗೆ ಗೊತ್ತಾಗಿರಲಿಲ್ಲ.

ಒಂದು ದಿನ ಅವಳು ಸೊಂಟ ಹಿಡಿದುಕೊಂಡು ಅಮ್ಮಾ ಎಂದಳು. ನನ್ನೊಳಗಿನ ಆದರ್ಶ ಪತಿ ಎದ್ದು ಕೂತ. ಮಾರನೆಯ ದಿನವೇ ಅಂಗಡಿಗೆ ಹೋದೆ. ಅಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಒಂದು ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿದ. ಒಳಗೆ ಪಾತ್ರೆ ಇಟ್ಟು ಗುಂಡಿ ಒತ್ತಿದರೆ ತಾನೇ ತೊಳೆದು, ಜಾಲಿಸಿ, ಒಣಗಿಸಿಯೂ ಕೊಡುತ್ತದಂತೆ. ಬೆಲೆ ಕೇಳಿ ನಾನು ಹೊರಡಲು ಎದ್ದಿದ್ದೆ. ಆಗ ಆ ಪಾಪಿ ಒಂದು ಮಾತು ಹೇಳಿದ.

"ಮೇಡಂಗೆ ದಿನಾ ಒಂದು ಗಂಟೆ ಉಳಿಯುತ್ತೆ ಸಾರ್. ಆ ಒಂದು ಗಂಟೆ ನಿಮ್ಮಿಬ್ಬರದೇ."

ನಾನು ಮತ್ತೆ ಕೂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನಮಗೆ ನಮ್ಮದೇ ಅಂತ ಒಂದು ಗಂಟೆ ಇರಲಿಲ್ಲ ಎಂದು ಥಟ್ಟನೆ ಹೊಳೆಯಿತು. ಇಬ್ಬರೂ ಕಿಟಕಿಯ ಹತ್ತಿರ ಕೂತಿರುವಂತೆ, ಅವಳು ನಗುತ್ತಾ ಏನೋ ಹೇಳುತ್ತಿರುವಂತೆ ಕಣ್ಣಿಗೆ ಕಟ್ಟಿತು. ಸಹಿ ಹಾಕಿಬಿಟ್ಟೆ.

ಅವಳಿಗೆ ಹೇಳಲಿಲ್ಲ, ಅಚ್ಚರಿಪಡಿಸೋಣವೆಂದು. ಅಂದು ರಾತ್ರಿ ಸಿಂಕಿನ ಮುಂದೆ ಅವಳು ಯಾಕೋ ಮೆತ್ತಗಿದ್ದಳು. ನಿಮಗೊಂದು ವಿಷಯ ಹೇಳಬೇಕು ಎಂದಳು. ಹೇಳು ಎಂದೆ. ಒಂದು ಬಟ್ಟಲು ತೊಳೆದಳು, ಒಂದು ಸೌಟು ತೊಳೆದಳು. ಅಷ್ಟರಲ್ಲಿ ಪಾತ್ರೆ ಮುಗಿಯಿತು. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು, ನಾಳೆ ಹೇಳ್ತೀನಿ ಬಿಡಿ ಎಂದು ಹೋದಳು. ನಾಳೆ ಮೆಷೀನು ಬಂತು.

ಅದನ್ನು ಕಂಡು ಅವಳ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಆನಂದವೆಂದು ತೀರ್ಮಾನಿಸಿದೆ. ಅದಕ್ಕೆ ಜಾಗ ಮಾಡಲು ನಾನು ನಿಲ್ಲುತ್ತಿದ್ದ ಮೂಲೆಯನ್ನೇ ತೆರವುಗೊಳಿಸಬೇಕಾಯಿತು. ಊಟವಾಯಿತು, ಪಾತ್ರೆ ಒಳಗೆ ಹೋದವು, ನಾನು ಮಂತ್ರಿಗಳ ಗತ್ತಿನಲ್ಲಿ ಗುಂಡಿ ಒತ್ತಿದೆ. ಆಮೇಲೆ ಉಳಿತಾಯವಾದ ಆ ಸುವರ್ಣ ಗಂಟೆಯನ್ನು ಕಳೆಯಲು ಇಬ್ಬರೂ ಹಜಾರಕ್ಕೆ ಬಂದು ಕೂತೆವು.

ನಾನು ಫ್ಯಾನು ನೋಡಿದೆ. ಅವಳೂ ನೋಡಿದಳು. ಚೆನ್ನಾಗಿ ತಿರುಗುತ್ತಿತ್ತು.

ಏನೋ ಹೇಳಬೇಕು ಅಂದಿದ್ದೆಯಲ್ಲ ಎಂದು ನಾನೇ ಎತ್ತಿದೆ. ಏನಿಲ್ಲ ಬಿಡಿ ಎಂದಳು. ಒಳಗೆ ಮೆಷೀನು ಗರಗರ ಎನ್ನುತ್ತಿತ್ತು, ಇಡೀ ಮನೆಯಲ್ಲಿ ಅದೊಂದೇ ಮಾತಾಡುವ ಪ್ರಾಣಿ. ಮರುದಿನ ಒಣಗಿದ ಬಟ್ಟೆ ಮಡಚೋಣ ಬಾ ಎಂದು ಕರೆದೆ. ಅವಳು ಮಡಚಿದಳು, ನಾನು ಮಡಚಿದ್ದನ್ನೂ ಬಿಚ್ಚಿ ಮತ್ತೆ ಮಡಚಿದಳು, ಮಾತು ಬರಲಿಲ್ಲ. ಅದರಾಚೆ ದಿನ ತೊಳೆದ ಕಿಟಕಿಯನ್ನೇ ಮತ್ತೆ ತೊಳೆಯೋಣವೆಂದೆ. ಮೈಯಲ್ಲಿ ಹುಷಾರಿಲ್ವಾ ಎಂದು ನನ್ನ ಹಣೆ ಮುಟ್ಟಿ ನೋಡಿ ಮಲಗಲು ಹೋದಳು.

ಆಮೇಲೆ ಅವಳು ಊಟವಾದೊಡನೆ ಪಕ್ಕದ ಮನೆಗೆ ಹೋಗತೊಡಗಿದಳು. ಪಕ್ಕದ ಮನೆಯಲ್ಲಿರುವುದು ಹಲ್ಲಿನ ಡಾಕ್ಟರು, ಅವರ ಹೆಂಡತಿ ಶಾಲೆಯಲ್ಲಿ ಟೀಚರು. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ಒಂದೇ ಗೋಡೆ. ಮೆಷೀನು ತೊಳೆದ ಪಾತ್ರೆಗಳ ಪಕ್ಕ ನಾನು ನಿಂತು ಕೇಳಿಸಿಕೊಂಡೆ. ಆ ಕಡೆ ನಲ್ಲಿ ಸುರಿಯುತ್ತಿತ್ತು, ತಟ್ಟೆಗಳು ಟಣಟಣ ಎನ್ನುತ್ತಿದ್ದವು, ನನ್ನ ಹೆಂಡತಿ ಬಾಯ್ತುಂಬಾ ಮಾತಾಡುತ್ತಿದ್ದಳು. ಅವಳ ಸೊಂಟ ಉಳಿಸಲು ನಾನು ಸಾಲ ಮಾಡಿದರೆ, ಅವಳು ಪಕ್ಕದ ಮನೆಯ ಮುಸುರೆ ತಿಕ್ಕುತ್ತಿದ್ದಳು. ನನಗೆ ಕೋಪ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು, ಅದೂ ಒಬ್ಬ ಟೀಚರಮ್ಮನ ಮೇಲೆ.

ಅವಳ ದನಿ ಕೇಳದೆ ನನಗೆ ಅನ್ನ ಸೇರದಂತಾಯಿತು. ಕಡೆಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂರಲು ಶುರುಮಾಡಿದೆ. ಪ್ರಯಾಣಿಕರ ಗಮನಕ್ಕೆ ಎಂದು ಅವಳು ಮೈಕಿನಲ್ಲಿ ಹೇಳಿದರೆ ಆ ಇಡೀ ನಿಲ್ದಾಣದಲ್ಲಿ ಗಮನ ಕೊಡುತ್ತಿದ್ದವನು ನಾನೊಬ್ಬನೇ. ನಾಲ್ಕನೇ ಅಂಕಣದಿಂದ ಹೊರಡುವ ಬಸ್ಸನ್ನು ಅವಳು ಹೇಳುವ ರೀತಿಗೆ ಕಣ್ಣು ತುಂಬಿ ಬರುತ್ತಿತ್ತು. ಅದರಲ್ಲೂ 'ದಯವಿಟ್ಟು' ಎನ್ನುವಾಗ ಅವಳ ದನಿ ಒಂದಿಷ್ಟು ನಡುಗುತ್ತಿತ್ತು. ಬಿಸಿಲಿಗೆ ಹೊಳೆದು ಒಳಗೇನೂ ಕಾಣದ ಆ ಗಾಜಿನ ಹಿಂದಿನಿಂದ ಅವಳು ನನ್ನನ್ನು ನೋಡಿರಬೇಕು, ಅದಕ್ಕೇ ಆ ನಡುಕ ಎಂದು ನಾನು ಉಬ್ಬಿಹೋದೆ. ಪ್ರೇಮಿಸುವ ಕಾಲದಲ್ಲಿ ಮಾಡದ ಕೆಲಸವನ್ನೆಲ್ಲ ತಲೆ ನರೆತ ಮೇಲೆ ಮಾಡಿದೆ, ಕಿಟಕಿಯ ಕಡೆಗೆ ಕೈ ಕೂಡ ಬೀಸಿದೆ.

ಒಂದು ದಿನ ನಾನು ಹಾಗೆ ಕೈ ಬೀಸುತ್ತಿದ್ದಾಗ ನೆಲ ಗುಡಿಸುವಾಕೆ ಪೊರಕೆ ನಿಲ್ಲಿಸಿ, ಯಾರಿಗೆ ಸ್ವಾಮಿ ಎಂದು ಕೇಳಿದಳು. ಅನೌನ್ಸ್ ಮಾಡುವ ಅಮ್ಮನಿಗೆ ಎಂದೆ. ಅವಳು ನನ್ನನ್ನು ಮರುಕದಿಂದ ನೋಡಿ, ಆ ಕೋಣೇಲಿ ಯಾರೂ ಇಲ್ಲ, ಅಮ್ಮನ ದನೀನ ಮೆಷೀನಿಗೆ ತುಂಬಿಸಿಕೊಂಡು ಅವರನ್ನ ಕಳೆದ ಸಾಮಾನಿನ ಕೌಂಟರಿಗೆ ಹಾಕಿದ್ದಾರೆ, ಆಗಲೇ ಎಷ್ಟೋ ದಿನ ಆಯ್ತು ಎಂದಳು. ಅಷ್ಟು ದಿನ ನಾನು ಕೈ ಬೀಸಿದ್ದು ಖಾಲಿ ಕುರ್ಚಿಗೆ.

ಕಳೆದ ಸಾಮಾನಿನ ಕೌಂಟರು ನಿಲ್ದಾಣದ ಹಿಂದಿನ ಮೂಲೆಯಲ್ಲಿತ್ತು. ಕೊಡೆಗಳು, ಚೀಲಗಳು, ಒಂಟಿ ಚಪ್ಪಲಿಗಳ ನಡುವೆ ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಕಿಟಕಿಯಲ್ಲಿ ನೆರಳು ಬಿದ್ದದ್ದೇ ತಲೆಯೆತ್ತದೆ ಕೇಳಿದಳು.

"ಏನು ಕಳಕೊಂಡ್ರಿ?"

ಹೇಳಬೇಕಾದದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಮಾತ್ರ, ಪಾತ್ರೆ ಒರೆಸೋ ಬಟ್ಟೆ ಎಂದು.

ಅವಳು ತಲೆಯೆತ್ತಿದಳು. ಆಮೇಲೆ ಅಲ್ಲಿದ್ದ ಒಂದು ಕೊಡೆಯ ಧೂಳು ಒರೆಸುತ್ತಾ ಮೆಲ್ಲಗೆ ಹೇಳಿದಳು.

"ಅವತ್ತು ಅದನ್ನೇ ಹೇಳ್ಬೇಕು ಅಂತಿದ್ದೆ. ಇಲ್ಲಿ ನನ್ನ ಜಾಗಕ್ಕೆ ಮೆಷೀನ್ ಬಂತು ಕಣ್ರೀ ಅಂತ. ಮಾರನೇ ದಿನ ಮನೆಗೆ ಬಂದು ನೋಡಿದ್ರೆ ಅಲ್ಲೂ ಒಂದು ತಂದಿಟ್ಟಿದ್ರಿ. ಇನ್ನು ಯಾರ ಹತ್ರ ಹೇಳ್ಲಿ?"

ಆ ಮೆಷೀನನ್ನು ಮನೆಯಿಂದ ಸಾಗಹಾಕಬೇಕೆಂದು ನಾನು ಅಂದೇ ನಿಶ್ಚಯಿಸಿದೆ. ಅಂಗಡಿಯವನು ಅದನ್ನು ವಾಪಸು ಮುಟ್ಟುವುದಿಲ್ಲ ಎಂದ. ಆಗ ನನ್ನ ತಲೆಯಲ್ಲಿ ಚಾಣಕ್ಯ ಬುದ್ಧಿಯೊಂದು ಸುಳಿಯಿತು. ಅದನ್ನು ಪಕ್ಕದ ಡಾಕ್ಟರಿಗೇ ದಾಟಿಸಿದರೆ ಆ ಮನೆಯಲ್ಲಿ ಮುಸುರೆ ಇರುವುದಿಲ್ಲ, ಮುಸುರೆ ಇಲ್ಲದಿದ್ದರೆ ನನ್ನ ಹೆಂಡತಿಗೆ ಅಲ್ಲಿ ಕೆಲಸವಿಲ್ಲ. ಒಂದೇ ಕಲ್ಲು, ಎರಡು ಹಕ್ಕಿ. ಡಾಕ್ಟರ ಮುಂದೆ ಸೇಲ್ಸ್‌ಮನ್ನನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಟೀಚರಮ್ಮನಿಗೆ ದಿನಾ ಒಂದು ಗಂಟೆ ಉಳಿಯುತ್ತೆ ಡಾಕ್ಟ್ರೇ ಎಂದಾಗ ಅವರ ಕಣ್ಣಲ್ಲಿ ನಾನು ಅಂದು ಕಂಡ ಅದೇ ಕಿಟಕಿ, ಅದೇ ನಗು ಮೂಡಿದ್ದನ್ನು ನೋಡಿದೆ. ಪಾಪ ಅನ್ನಿಸಿತು, ಆದರೂ ಅರ್ಧ ಬೆಲೆಗೆ ಕೊಟ್ಟೆ. ಕಂತು ಮಾತ್ರ ಪೂರ್ತಿ ನಾನೇ ಕಟ್ಟಬೇಕು.

ಅಂದು ರಾತ್ರಿ ನಾವು ಸಿಂಕಿನ ಮುಂದೆ ನಿಂತೆವು. ಅವಳು ತಿಕ್ಕಿದಳು, ನಾನು ಒರೆಸಿದೆ. ತನ್ನ ದನಿಯನ್ನು ತುಂಡು ತುಂಡಾಗಿ ಹೇಗೆ ತುಂಬಿಸಿಕೊಂಡರು, ಕಡೆಯ ದಿನ 'ದಯವಿಟ್ಟು' ಎನ್ನುವಾಗ ತನಗೆ ಹೇಗೆ ಅಳು ಬಂತು, ಎಲ್ಲ ಹೇಳಿದಳು. ನೀವು ದಿನಾ ಬಂದು ಕೂರ್ತಿದ್ರಂತಲ್ಲ ಎಂದು ನಕ್ಕಳು, ಕಣ್ಣಿಗೆ ಸೋಪು ಹೋಯಿತು ಎಂದಳು. ನನ್ನ ಕಣ್ಣಿಗೂ ಹೋಗಿತ್ತು. ಪಾತ್ರೆ ಮುಗಿದ ಮೇಲೂ ತೊಳೆದ ತಟ್ಟೆಗಳನ್ನೇ ಎಳೆದು ಮತ್ತೆ ತೊಳೆದೆವು.

ಮರುದಿನ ನಾನು ಹೊಸ ಬಟ್ಟೆ ಕೊಂಡುತಂದು (ಒರೆಸುವುದಕ್ಕೆ, ಉಡುವುದಕ್ಕಲ್ಲ) ಹೆಗಲ ಮೇಲೆ ಹಾಕಿಕೊಂಡು ಸಿದ್ಧನಾಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಟೀಚರಮ್ಮ. ಮೆಷೀನ್ ಬಂದ ಮೇಲೆ ಮನೇಲಿ ಮಾಡೋಕೆ ಏನೂ ಕೆಲಸ ಇಲ್ಲ, ಕೂತು ಕೂತು ಬೇಜಾರು ಎಂದು ಹೇಳುತ್ತಲೇ ಒಳಗೆ ಬಂದು ನನ್ನ ಹೆಗಲ ಮೇಲಿನ ಬಟ್ಟೆಯನ್ನು ಎಳೆದುಕೊಂಡರು. ನಾನು ಹೆಂಡತಿಯ ಮುಖ ನೋಡಿದೆ. ಅವಳ ಕೈ ಆಗಲೇ ನೀರಿನಲ್ಲಿತ್ತು.

"ನೀವು ಕೂತ್ಕೊಳ್ರೀ. ದಿನವಿಡೀ ನಿಂತಿರ್ತೀರಿ. ಇಲ್ಲಿ ಮೂರು ಜನಕ್ಕೆ ಜಾಗ ಇಲ್ಲ."

ಹಜಾರದಲ್ಲಿ ಕೂರಲಾಗಲಿಲ್ಲ. ಪಕ್ಕದ ಮನೆಗೆ ಹೋದೆ. ಡಾಕ್ಟರು ಅಡುಗೆಮನೆಯಲ್ಲಿ ಮೆಷೀನಿನ ಎದುರಿಗೆ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ನನಗೂ ಒಂದು ಕುರ್ಚಿ ತೋರಿಸಿದರು. ನಿಮ್ಮನೇಲೂ ಹೀಗೇ ಇತ್ತಾ ಎಂದು ಕೇಳಿದರು. ಅಭ್ಯಾಸ ಆಗುತ್ತೆ ಎಂದೆ. ಅವರು ಬಾಯಿ ತೆರೆದು ಕೂತು ಉತ್ತರ ಕೊಡಲಾಗದ ರೋಗಿಗಳ ಹತ್ತಿರ ದಿನವಿಡೀ ಮಾತಾಡುವವರು, ಆ ಮೆಷೀನಿನ ಮುಂದೆ ಅವರಿಗೂ ಮಾತು ತೋಚಲಿಲ್ಲ.

ಮೆಷೀನು ಒಂದು ಸುತ್ತು ಮುಗಿಸಿ ಸುಮ್ಮನಾಯಿತು. ಗೋಡೆಯ ಆಚೆಯಿಂದ ನಲ್ಲಿಯ ಸದ್ದು, ತಟ್ಟೆಯ ಸದ್ದು, ಅದರ ನಡುವೆ ನನ್ನ ಹೆಂಡತಿಯ ದನಿ. ಮೈಕಿಲ್ಲದ, ಯಾರೂ ತುಂಬಿಸಿಕೊಳ್ಳದ ದನಿ. ನಾನು ಕುರ್ಚಿಯನ್ನು ಗೋಡೆಗೆ ಎಳೆದು ಕಿವಿ ಹಚ್ಚಿದೆ. ಡಾಕ್ಟರೂ ಎಳೆದುಕೊಂಡರು.

"ನಮ್ಮನೆಯವರು ಎಂಥವರು ಅಂತ ನಿಮಗೆ ಗೊತ್ತಿಲ್ಲ ಟೀಚರೇ. ಅವರೆದುರಿಗೆ ಹೇಳೋದಿಲ್ಲ ನಾನು. ಆದ್ರೆ ಅವರು..."

ಮೆಷೀನು ಎರಡನೆಯ ಸುತ್ತು ಶುರುಮಾಡಿತು. ಅದನ್ನು ನಿಲ್ಲಿಸಿ ಡಾಕ್ಟ್ರೇ ಎಂದೆ. ಒಮ್ಮೆ ಶುರುವಾದರೆ ಮುಗಿಯುವವರೆಗೆ ನಿಲ್ಲಿಸಬಾರದು ಎಂದು ಮಾರುವಾಗ ನಾನೇ ಹೇಳಿದ್ದೆನಂತೆ.